ನಾಲ್ಕನೇ ಪಿನ್ನು

ಮಂಗಳೂರು ಬಂದರಿನಲ್ಲಿ, ಒಣಮೆಣಸಿನ ಮಂಡಿಯ ಮೇಲೆ
ಮೋನಬ್ಬ ಕಾಕನ ಕೋಣೆ.
ಕಿಟಕಿಯಿಂದ ಹೊರಟ ತಾಮ್ರದ ತಂತಿ
ಹತ್ತು ಮೀಟರು ಆಚೆ, ಹತ್ತು ಮೀಟರು ಈಚೆ,
ಒಂದು ತುದಿ ಐಸ್ ಪ್ಲಾಂಟಿನ ಮಾಡಿಗೆ,
ಇನ್ನೊಂದು ಯಾರದೋ ನೀರಿನ ಟಾಂಕಿಗೆ.
ಉಪ್ಪುಗಾಳಿಗೆ ವರ್ಷಕ್ಕೊಮ್ಮೆ ಹಸಿರು ಹಿಡಿಯುತ್ತದೆ,
ಲಿಂಬೆ ಹಚ್ಚಿ ಉಜ್ಜಿದರೆ ಮತ್ತೆ ಕೆಂಪು.

ನಾನು ಕೆಳಗಿನ ಮೊಬೈಲ್ ರಿಪೇರಿಯವಳು.
"ವಾರಿಜಾ, ಈ ಕೈ ಹೇಳಿದ ಮಾತು ಕೇಳುವುದಿಲ್ಲ ಮಾರಾಯ್ತಿ."
ಹತ್ತಿ ಹೋಗಿ ನೋಡಿದೆ. ಹಿತ್ತಾಳೆಯ ಕೀ ಮೇಲೆ ಬೆರಳಿಟ್ಟರೆ
ಒಂದು ಚುಕ್ಕಿಯ ಜಾಗದಲ್ಲಿ ಮೂರು ಉದುರುತ್ತವೆ.
ಇಪ್ಪತ್ತೆರಡು ವರ್ಷ ಮಂಜಿಗಳ ಜತೆ
ದ್ವೀಪಕ್ಕೆ ಹೋಗಿ ಬಂದ ಕೈ.
ಆಂದ್ರೋತಿನ ಚೆರಿಯಕೋಯ ಕೇಳಿದರಂತೆ:
"ಎಂತ, ಚಳಿಜ್ವರವಾ? ಹಲ್ಲು ಕಟಕಟ ಅಂದ ಹಾಗೆ ಕೇಳ್ತದೆ."

ಸಹಕಾರಿ ಬ್ಯಾಂಕಿನವರು ತೂಕಕ್ಕೆ ಹಾಕಿದ ಹಳೇ ಕಂಪ್ಯೂಟರು,
ಒಂಬತ್ತು ಪಿನ್ನಿನ ಬಾಯಿ ಬೆನ್ನಿಗೆ ಇನ್ನೂ ಇತ್ತು.
ನಾಲ್ಕನೆಯದಕ್ಕೆ ಒಂದು ರೆಸಿಸ್ಟರ್, ಕಂದು ಕಪ್ಪು ಕೆಂಪು,
ಅದರಾಚೆ ತೊಗರಿಕಾಳಿನಷ್ಟು ಟ್ರಾನ್ಸಿಸ್ಟರ್.
ಮೂರು ಕಾಲು ಅದಕ್ಕೆ: ಒಂದು ಕೇಳಿಸಿಕೊಳ್ಳುವುದು,
ಒಂದು ಕೀ ಎಳೆಯುವುದು, ಒಂದು ನೆಲ.
ಐದನೇ ಪಿನ್ನೂ ನೆಲ.
ನೆಲವೆಂದರೆ ಮಣ್ಣಲ್ಲ, ಇಬ್ಬರೂ ಒಪ್ಪಿಕೊಂಡ ಸೊನ್ನೆ;
ಅದೊಂದು ಕೂಡಿಬಾರದಿದ್ದರೆ ಎರಡು ಯಂತ್ರಕ್ಕೆ ಮಾತಿಲ್ಲ.
"ಮನುಷ್ಯರಿಗೂ..." ಎಂದು ಏನೋ ಹೇಳಹೊರಟರು ಕಾಕ,
ಬೆಸುಗೆಯ ಹೊಗೆ ಗಂಟಲಿಗೆ ಹೋಗಿ
ಕೆಮ್ಮಿದರು. ಮಾತು ಅಲ್ಲಿಗೇ ಬಿಟ್ಟರು.

ಈಗ ಒಂದೇ ಬೆರಳಿನಲ್ಲಿ ಟೈಪು.
ನಡುಗಿ ಎರಡು ಸಲ ಒತ್ತಿದರೂ ಒಂದೇ ಅಕ್ಷರ ಹೋಗುವಂತೆ
ಮಾಡಿಕೊಟ್ಟಿದ್ದೇನೆ.
ಗೆರೆಯೆಂದರೆ ಚುಕ್ಕಿಯ ಮೂರು ಪಾಲು, ಕೂದಲೆಳೆ ಹೆಚ್ಚಿಲ್ಲ;
ಸೇರಿನ ಬಾಯಿಗೆ ಕೋಲಾಡಿಸಿ ಅಳೆದ ಅಕ್ಕಿಯ ಹಾಗೆ.

ಒಂದೇ ಐಬು.
ಬೆಳಿಗ್ಗೆ ಕಂಪ್ಯೂಟರು ಎಚ್ಚರಾಗುವಾಗ
ತನ್ನ ಪಿನ್ನುಗಳನ್ನು ಒಮ್ಮೆ ಮುಟ್ಟಿ ನೋಡಿಕೊಳ್ಳುತ್ತದೆ,
ಇದ್ದಾವಾ ಎಲ್ಲ, ಎಂದು.
ನಾಲ್ಕನೆಯದು ಎದ್ದು ನಿಲ್ಲುತ್ತದೆ.
ಟ್ರಾನ್ಸಿಸ್ಟರ್ ಪಾಪ, ಯಾರೋ ಕೀ ಒತ್ತಿದರೆಂದೇ ತಿಳಿದು
ಮೊದಲೇ ಎದ್ದು ಕೂತ ರೇಡಿಯೊದ ಬಾಯಿ ತೆರೆಸುತ್ತದೆ:
ಒಂದು ಗೆರೆ. ಏಳು ಸೆಕೆಂಡು.
ಅಕ್ಷರವಲ್ಲ, ಅಂಕಿಯಲ್ಲ, ನಡುವೆ ಉಸಿರಿಲ್ಲ.

ಮೊದಲ ದಿನವೇ ಆಂದ್ರೋತಿನಿಂದ ಮಂಡಿಗೆ ಫೋನು.
ಮೆಣಸು ತೂಗುತ್ತಿದ್ದ ಶೀನಪ್ಪ ತಕ್ಕಡಿ ಬಿಟ್ಟು ಓಡಿದ,
ಹಿಂದೆ ನಾನು, ಕೈಯಲ್ಲಿ ಸ್ಕ್ರೂಡ್ರೈವರ್.
"ಕೀಯ ಮೇಲೆಯೇ ಬಿದ್ದಿದ್ದಾರಂತೆ! ಕೋಯ ಹೇಳ್ತಾರೆ,
ಅದು ಬೆರಳಲ್ಲ, ಮೈಯ ಭಾರ ಅಂತ!"
ಕಾಕ ಸುಲೈಮಾನಿಗೆ ಲಿಂಬೆ ಹಿಂಡುತ್ತಿದ್ದರು.
"ಎಂತ ಆಯ್ತು?" ಎಂದರು. ಶೀನಪ್ಪ ಸೀನಿದ.

ಹಂಪನಕಟ್ಟೆಗೆ ಹೋಗಿ ಸ್ವಿಚ್ ತರಲು
ನನಗೆ ಒಂದು ವಾರ ಹಿಡಿಯಿತು.
ಕಂಪ್ಯೂಟರು ಪೂರ್ತಿ ಏಳುವವರೆಗೆ ಇದು ಆಫ್, ಎಂದೆ,
ಎದ್ದ ಮೇಲೆ ಒತ್ತಿ.
ತಲೆಯಾಡಿಸಿದರು.

ನಾಲ್ಕು ದಿನ ಬಿಟ್ಟು ಹೋದರೆ
ಸ್ವಿಚ್ಚಿನ ಮೇಲೆ ಕಪ್ಪು ಟೇಪು,
ಆನ್ ಮಾಡಿಯೇ ಅಂಟಿಸಿದ್ದು.
"ಕೋಯ ಬೈದ," ಎಂದರು ಕಾಕ. "ಗೆರೆ ಕೇಳದೆ
ಎಂಟೂವರೆವರೆಗೆ ಗಂಜಿ ಇಳಿಯಲಿಲ್ಲವಂತೆ."
ತಪ್ಪು ಕಾಕ, ಎಂದೆ. ಕರೆಗುರುತಿಲ್ಲದ ಗೆರೆ,
ಬೇರೆಯವರ ಕಿವಿಗೂ ಬೀಳುತ್ತದೆ.
"ಗೊತ್ತುಂಟು," ಎಂದರು, "ಅಷ್ಟು ಹೊತ್ತು ಐದೇ ವಾಟ್ ಇಡುತ್ತೇನೆ.
ಅವನಿಗೆ ಸಾಕು."

ಬೈಯಬೇಕೆಂದು ಬಗ್ಗಿ ನೋಡಿದೆ.
ಟೇಪಿನ ಒಂದು ಅಂಚು ಸೊಟ್ಟಗೆ ಎದ್ದಿತ್ತು,
ಸಣ್ಣ ಸಣ್ಣ ಸುಕ್ಕು, ಒಂದರ ಪಕ್ಕ ಮೂರು.
ಉಗುರಿನಿಂದ ಒತ್ತಿ ಕೂರಿಸಿ
ಕೆಳಗಿಳಿದೆ. ಅಂಗಡಿ ತೆರೆಯಲು ಹೊತ್ತಾಗಿತ್ತು.